ವಿಷಯಾಂತರದ ಹಾದಿ

ಮಕ್ಕಳ ಪ್ರಬಂಧಗಳನ್ನು ತಿದ್ದುವಾಗ ನಾನು ಕೆಂಪು ಶಾಯಿಯಲ್ಲಿ ಅತಿ ಹೆಚ್ಚು ಸಲ ಬರೆದಿರುವ ಪದ 'ವಿಷಯಾಂತರ'. ಮಳೆಗಾಲದ ಬಗ್ಗೆ ಬರೆಯಿರಿ ಎಂದರೆ ಅಜ್ಜಿಯ ಹರಿದ ಛತ್ರಿಯ ಬಗ್ಗೆ ಎರಡು ಪುಟ ಬರೆಯುವವರಿಗೆ ಅದು ಕಟ್ಟಿಟ್ಟ ಬುತ್ತಿ. ಎಡ್ವರ್ಡ್ ಥಾಮಸ್‌ನ 'ಇನ್ ಪರ್ಸ್ಯೂಟ್ ಆಫ್ ಸ್ಪ್ರಿಂಗ್' ಓದಿದ ಮೇಲೆ ಆ ಶಾಯಿಯ ಮೇಲಿನ ನನ್ನ ನಂಬಿಕೆ ತುಸು ಅಲುಗಾಡಿದೆ.

1914ರಲ್ಲಿ ಪ್ರಕಟವಾದ ಈ ಪುಸ್ತಕದಲ್ಲಿ ನಡೆಯುವುದು ಬಹಳ ಕಡಿಮೆ. 1913ರ ಮಾರ್ಚ್ 21, ಗುಡ್ ಫ್ರೈಡೆಯ ದಿನ, ಥಾಮಸ್ ಲಂಡನ್ನಿನಿಂದ ಸೈಕಲ್ ಹತ್ತಿ ಪಶ್ಚಿಮಕ್ಕೆ ಹೊರಟ. ಗಿಲ್ಡ್‌ಫರ್ಡ್, ವಿಂಚೆಸ್ಟರ್, ಸಾಲ್ಸ್‌ಬರಿ ಬಯಲು, ಗ್ಲಾಸ್ಟನ್‌ಬರಿ ದಾಟಿ ಸಾಮರ್‌ಸೆಟ್‌ನ ಕ್ವಾಂಟಾಕ್ ಗುಡ್ಡಗಳನ್ನು ತಲುಪಿದ. ಚಳಿಗಾಲ ಮುಗಿಯುತ್ತಿದೆ, ವಸಂತ ಬರುವ ದಿಕ್ಕಿಗೆ ಹೋಗಿ ಅದನ್ನು ಎದುರುಗೊಳ್ಳಬೇಕು; ಇಷ್ಟೇ ಅವನ ಕಾರ್ಯಕ್ರಮ. ದಾರಿಯಲ್ಲಿ ಮಳೆ ಬಂದರೆ ನಿಲ್ಲುತ್ತಾನೆ. ಸ್ಮಶಾನ ಸಿಕ್ಕರೆ ಗೋರಿಕಲ್ಲುಗಳ ಮೇಲಿನ ಬರಹ ಓದುತ್ತಾನೆ. ಮಣ್ಣಿನ ಚುಟ್ಟಾ ಕೊಳವೆಗಳ ಬಗ್ಗೆಯೂ ಮಾತು ಬೆಳೆಯುತ್ತದೆ. ನನ್ನ ಕೈಗೆ ಸಿಕ್ಕಿದ್ದರೆ ಪುಟ ಪುಟವೂ ಕೆಂಪಾಗುತ್ತಿತ್ತು.

ಈ ಪುಸ್ತಕದಲ್ಲಿ ನನಗೆ ಬಿಡದೆ ಕಾಡಿದವನು 'ಇನ್ನೊಬ್ಬ ಮನುಷ್ಯ' ಎಂದೇ ಥಾಮಸ್ ಕರೆಯುವ ಒಬ್ಬ ಸೈಕಲ್ ಸವಾರ. ಅವನಿಗೆ ಹೆಸರಿಲ್ಲ. ಅಂಗಡಿಯಿಂದ ಕಾಗದದ ಚೀಲದಲ್ಲಿ ಒಂದು ಪುಟ್ಟ ಹಕ್ಕಿಯನ್ನು ಕೊಂಡು, ಅದನ್ನು ಹಾರಲು ಬಿಡುತ್ತಾನೆ. ಆಮೇಲೆ ದಾರಿಯುದ್ದಕ್ಕೂ ಆಗಾಗ ಎದುರಾಗುತ್ತಾನೆ. ಅವನಿಗೆ ಒಂದೇ ಹುಚ್ಚು: ಚರ್ಚಿನ, ಮನೆಗಳ ನೆತ್ತಿಯ ಮೇಲಿರುವ ಗಾಳಿಕೋಳಿಗಳ ಚಿತ್ರ ಬರೆದುಕೊಳ್ಳುವುದು. ಬರೆಯುವುದರ ಬಗ್ಗೆ ಗೊಣಗುವ ಈ ಮನುಷ್ಯ ಬೇರೆ ಯಾರೂ ಅಲ್ಲ, ಥಾಮಸ್‌ನ ನೆರಳೇ ಎಂದು ವಿಮರ್ಶಕರು ಹೇಳುತ್ತಾರೆ. ಅದನ್ನು ಒಪ್ಪಬೇಕು. ಹೊಟ್ಟೆಪಾಡಿಗಾಗಿ ವಿಮರ್ಶೆ, ಜೀವನಚರಿತ್ರೆ, ಪ್ರವಾಸಕಥನ ಎಂದು ಎಡೆಬಿಡದೆ ಬರೆದು ದಣಿದವನು ಥಾಮಸ್. ಖಿನ್ನತೆಯೂ ಅವನನ್ನು ಹಿಂಡಿತ್ತು. ತನ್ನನ್ನೇ ಸ್ವಲ್ಪ ದೂರದಲ್ಲಿ ನಿಲ್ಲಿಸಿ, ನೋಡಿ, ನಗುವುದಕ್ಕೆ ಅವನಿಗೆ ಎರಡನೆಯ ಸೈಕಲ್ ಬೇಕಾಗಿತ್ತು.

ಗಾಳಿಕೋಳಿ ಎಂದಾಗ ಇನ್ನೊಂದು ನೆನಪಾಗುತ್ತದೆ. ಥಾಮಸ್ ಹಾದುಹೋದ ಕಿಲ್ವ್ ಎಂಬ ಹಳ್ಳಿ ವರ್ಡ್ಸ್‌ವರ್ತನ 1798ರ ಒಂದು ಕವಿತೆಯಲ್ಲಿ ಬರುತ್ತದೆ. ಮಗನಿಗೆ ಕಿಲ್ವ್ ಇಷ್ಟ. ಏಕೆ ಎಂದು ತಂದೆ ಮತ್ತೆ ಮತ್ತೆ ಪೀಡಿಸುತ್ತಾನೆ. ಹೇಳಲು ತೋಚದ ಮಗು, ಎದುರಿನ ಮನೆಯ ಮೇಲೆ ಹೊಳೆಯುತ್ತಿದ್ದ ಗಾಳಿಕೋಳಿಯನ್ನು ಕಂಡು, ಕಿಲ್ವ್‌ನಲ್ಲಿ ಗಾಳಿಕೋಳಿ ಇರಲಿಲ್ಲ, ಅದಕ್ಕೇ ಎಂದುಬಿಡುತ್ತದೆ. ಕಾರಣ ಕೇಳಿ ಕೇಳಿ ನಾವೇ ಮಕ್ಕಳಿಗೆ ಸುಳ್ಳು ಕಲಿಸುತ್ತೇವೆ. ಥಾಮಸ್‌ನ ಪುಸ್ತಕವನ್ನೂ 'ಇದೆಲ್ಲ ಏಕೆ?' ಎಂದು ಕೇಳುತ್ತಾ ಓದಿದರೆ ಅಂಥದೇ ಉತ್ತರ ಸಿಕ್ಕೀತು.

ಹಾಗೆಂದು ಪುಸ್ತಕದ ಎಲ್ಲ ಅಡ್ಡದಾರಿಗಳೂ ನನಗೆ ಒಪ್ಪಿಗೆಯಲ್ಲ. ನಡುವೆ ವೆಸೆಕ್ಸಿನ ಮೂವರು ಕವಿಗಳ ಬಗ್ಗೆ ಒಂದು ಅಧ್ಯಾಯವಿದೆ. ಅಲ್ಲಿ ಸೈಕಲ್ ನಿಂತು ಗ್ರಂಥಾಲಯದ ಬಾಗಿಲು ತೆರೆಯುತ್ತದೆ. ಪುಟ ತುಂಬಿಸುವ ಹಳೆಯ ಅಭ್ಯಾಸ ಇಣುಕುತ್ತದೆ. ಕಣ್ಣು ಕರೆದುಕೊಂಡು ಹೋದ ವಿಷಯಾಂತರ ಬೇರೆ, ಕಪಾಟು ಕರೆದುಕೊಂಡು ಹೋದ ವಿಷಯಾಂತರ ಬೇರೆ. ಹೆಂಗಸಾಗಿ ಮತ್ತೊಂದು ಮಾತನ್ನೂ ಹೇಳಬೇಕು. ಅವನು ಹೀಗೆ ಅಲೆಯುವ ಹೊತ್ತಿಗೆ ಹೆಂಡತಿ ಹೆಲೆನ್ ಇದ್ದಳು, ಮೂವರು ಮಕ್ಕಳಿದ್ದರು. ಆ ಮನೆಯ ಸುದ್ದಿ ಈ ಪುಸ್ತಕದಲ್ಲಿಲ್ಲ. ಅದನ್ನು ತಿಳಿಯಲು ಹೆಲೆನ್ ತಾನೇ ಬರೆದ 'ಆ್ಯಸ್ ಇಟ್ ವಾಸ್' (1926) ಮತ್ತು 'ವರ್ಲ್ಡ್ ವಿದೌಟ್ ಎಂಡ್' (1931) ಓದಬೇಕು. ವಸಂತವನ್ನು ಹುಡುಕಿಕೊಂಡು ಒಬ್ಬನೇ ಹೊರಡುವ ಬಿಡುವು ಎಲ್ಲರ ಪಾಲಿಗೆ ಬರುವಂಥದ್ದಲ್ಲ.

ಆದರೂ ಆ ಅಲೆದಾಟ ವ್ಯರ್ಥವಾಗಲಿಲ್ಲ. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಇದೇ ಪುಸ್ತಕದ ಕೆಲವು ಭಾಗಗಳನ್ನು ತೋರಿಸಿ, ಇದೇ ಲಯದಲ್ಲಿ ಪದ್ಯ ಬರೆ ಎಂದು ಗೆಳೆಯನನ್ನು ಒತ್ತಾಯಿಸಿದ. ಥಾಮಸ್ ಕವಿತೆಗೆ ಕೈಹಾಕಿದ್ದು 1914ರ ಡಿಸೆಂಬರಿನಲ್ಲಿ. ಎರಡು ವರ್ಷ ಚಿಲ್ಲರೆ ಅವಧಿಯಲ್ಲಿ ನೂರನಲವತ್ತಕ್ಕೂ ಹೆಚ್ಚು ಕವಿತೆಗಳನ್ನು ಬರೆದ. 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರಾಸ್ ಯುದ್ಧದಲ್ಲಿ ಸತ್ತಾಗ ಅವನಿಗೆ ಮೂವತ್ತೊಂಬತ್ತು. ಅದೂ ಈಸ್ಟರ್ ಕಾಲವೇ. ಸೈಕಲ್ ಪ್ರಯಾಣಕ್ಕೆ ಆಗ ನಾಲ್ಕು ವರ್ಷ ತುಂಬಿತ್ತು.

ಇದು ಗೊತ್ತಿದ್ದವರಿಗೆ ಪುಸ್ತಕದ ಕೊನೆ ಸುಮ್ಮನೆ ಓದಿಸಿಕೊಳ್ಳುವುದಿಲ್ಲ. ಗುಡ್ಡದ ದಾರಿಯಲ್ಲಿ ಯಾರೋ ಕಿತ್ತು ಬಿಸಾಡಿದ ಹೂಗಳು ಬಾಡುತ್ತಾ ಬಿದ್ದಿವೆ. ಅವು ಚಳಿಗಾಲದ ಗೋರಿಯ ಮೇಲಿಟ್ಟ ಹೂಗಳೆಂದು ಅವನಿಗೆ ತೋರುತ್ತದೆ. ಉದ್ದಕ್ಕೂ ಅಷ್ಟು ಗೋರಿಗಳನ್ನು ಓದುತ್ತಾ ಬಂದವನಿಗೆ ಮಾತ್ರ ಅದು ಹಾಗೆ ಕಂಡೀತು. ಅಂದಮೇಲೆ ಯಾವುದು ವಿಷಯ, ಯಾವುದು ಅಂತರ?

ಅಜ್ಜಿಯ ಛತ್ರಿಯ ಪ್ರಬಂಧ ಮತ್ತೆ ಬಂದರೆ ಪೂರ್ತಿ ಓದುತ್ತೇನೆ. ಕೆಂಪು ಪೆನ್ನು ಆಮೇಲೆ.