ಬ್ಲಾಕ್ ಗೋಡೆಗೊಂದು ಸಂದು ಬಿಡಿ

ಹಿತ್ತಲಲ್ಲಿ ಸ್ವಂತದ್ದೊಂದು ವರ್ಕ್‌ಶಾಪ್ ಕಟ್ಟಿಕೊಳ್ಳಲು ಹೊರಟವರು ಶಟರ್, ಶೀಟು, ಕರೆಂಟ್ ಪಾಯಿಂಟುಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಗೋಡೆಯಲ್ಲಿ ಸಂದು ಬಿಡುವ ಮಾತು ಏಳುವುದು ಬಿರುಕು ಕಂಡ ಮೇಲೆ. ನನ್ನನ್ನು ಕೇಳಿದರೆ, ನಕ್ಷೆಯಲ್ಲಿ ಬಾಗಿಲಿಗಿಂತ ಮೊದಲು ಗುರುತಾಗಬೇಕಾದದ್ದು ಈ ಸಂದು.

ಬೆಂಗಳೂರಿನ ಸುತ್ತಮುತ್ತ ಇಂಥ ಶೆಡ್ಡಿಗೆ ಈಗ ಸಾಲಿಡ್ ಬ್ಲಾಕೇ ಹೆಚ್ಚು ಬಳಕೆ. ಸುಟ್ಟ ಇಟ್ಟಿಗೆಯದೂ ಬ್ಲಾಕಿನದೂ ತದ್ವಿರುದ್ಧ ಸ್ವಭಾವ. ಗೂಡಿನಿಂದ ಹೊರಬಿದ್ದ ಇಟ್ಟಿಗೆ ಗಾಳಿಯ ತೇವ ಹೀರಿ ವರ್ಷಗಟ್ಟಲೆ ಅಷ್ಟಷ್ಟೇ ಹಿಗ್ಗುತ್ತದೆ. ಸಿಮೆಂಟ್ ಬ್ಲಾಕ್ ಒಣಗುತ್ತ ಕುಗ್ಗುತ್ತದೆ. ಈ ಕುಗ್ಗುವಿಕೆಗೆ ಭಾರತೀಯ ಮಾನಕ ಐಎಸ್ 2185 ಹಾಕಿರುವ ಮಿತಿ ಶೇ 0.06. ಕೇಳಲು ಅತ್ಯಲ್ಪ, ಆದರೆ ನಲವತ್ತಡಿ ಗೋಡೆಗೆ ಅದು 7 ಮಿಲಿಮೀಟರ್ ದಾಟುತ್ತದೆ. ಬುಡವನ್ನು ಪಾಯ ಬಿಗಿಯಾಗಿ ಹಿಡಿದಿರುವುದರಿಂದ ಗೋಡೆ ಕುಗ್ಗಲಾರದೆ ಸೀಳುತ್ತದೆ, ಹೆಚ್ಚಾಗಿ ಕಿಟಕಿಯ ಮೂಲೆಯಿಂದ.

ಇಲ್ಲಿ ನಮ್ಮ ಗಾರೆ ಕೆಲಸದ ಒಂದು ರೂಢಿಯನ್ನು ಹೇಳಲೇಬೇಕು. ಇಟ್ಟಿಗೆಯನ್ನು ನೆನೆಸಿಯೇ ಕಟ್ಟಬೇಕು, ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಅದೇ ಅಭ್ಯಾಸದಲ್ಲಿ ಬ್ಲಾಕಿಗೂ ಪೈಪು ಹಿಡಿಯುತ್ತಾರೆ. ನೆನೆದ ಬ್ಲಾಕ್ ಗೋಡೆಯಲ್ಲಿ ಕೂತ ಮೇಲೆ ಒಣಗಿ ಕುಗ್ಗುತ್ತದೆ. ಬಿಸಿಲು ಜೋರಿದ್ದರೆ ಮೈಗೆ ಒಂದಿಷ್ಟು ತೇವ ಮಾಡಿದರೆ ಸಾಕು. ಅಚ್ಚಿನಿಂದ ಇಳಿದ ವಾರಕ್ಕೇ ಲಾರಿ ಹತ್ತುವ ಮಾಲನ್ನು ತಗೊಳ್ಳಬೇಡಿ. ಕ್ಯೂರಿಂಗ್ ಮುಗಿದು, ಗಾಳಿಯಾಡುವಂತೆ ಪೇರಿಸಿ ನಾಲ್ಕು ವಾರ ಒಣಗಿಸಿದ್ದನ್ನೇ ಕೇಳಿ. ಗಾರೆ 1:6 ಇರಲಿ. 1:3ರ ಗಾರೆ ಗಟ್ಟಿ ಎಂದು ಹೆಮ್ಮೆಪಡುವವರಿದ್ದಾರೆ. ಅಷ್ಟು ಬಿಗಿಯಾದ ಗಾರೆಯಲ್ಲಿ ಕುಗ್ಗುವಿಕೆ ಸಣ್ಣಸಣ್ಣದಾಗಿ ಹಂಚಿಹೋಗುವುದಿಲ್ಲ, ಒಂದೇ ಕಡೆ ಬ್ಲಾಕನ್ನೇ ಒಡೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಸಂದು ಬೇಕು. ಬ್ಲಾಕ್ ಗೋಡೆಗೆ ಸುಮಾರು ಇಪ್ಪತ್ತಡಿಗೊಂದು ಎಂದಿಟ್ಟುಕೊಳ್ಳಿ. ನಲವತ್ತು-ಇಪ್ಪತ್ತರ ಶೆಡ್ಡಾದರೆ ಉದ್ದದ ಗೋಡೆಗಳಿಗೆ ತಲಾ ಒಂದು. ಕಿಟಕಿಯಿಲ್ಲದ ಹಿಂಗೋಡೆಯಲ್ಲಿ ನಟ್ಟನಡುವೆ ಬಿಡಬಹುದು. ಮುಂಗೋಡೆಯಲ್ಲಿ ಕಿಟಕಿಯ ಅಂಚೇ ಸರಿಯಾದ ಜಾಗ. ಆಗ ಆ ಬದಿಯ ಲಿಂಟಲ್ ತುದಿ ಗೋಡೆಗೆ ಅಂಟಬಾರದು. ಅಡಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ ಹಾಸಿ ಜಾರಲು ಬಿಡಬೇಕು. ಶಟರ್ ಪಕ್ಕದಲ್ಲಂತೂ ಬೇಡ, ಅದರ ಬೋಲ್ಟುಗಳಿಗೆ ಅಲುಗದ ಗೋಡೆ ಬೇಕು.

ಸಂದು ಬಿಟ್ಟೊಡನೆ ಒಂದು ಗೋಡೆ ಎರಡಾಗುತ್ತದೆ. ಎರಡರ ಅಂಚಿಗೂ ಆಸರೆಯಿಲ್ಲ. ಆದ್ದರಿಂದ ಎರಡೂ ಬದಿಗೆ ಬ್ಲಾಕಿನದೇ ಕಂಬ ಕಟ್ಟಿ, ಎರಡು ವರಸೆಗೊಮ್ಮೆ ತುಕ್ಕು ಹಿಡಿಯದ ಲೋಹದ ಪಟ್ಟಿ ಇಡಿಸಿ. ಪಟ್ಟಿಯ ಒಂದು ತುದಿ ಗಾರೆಯಲ್ಲಿ ಕಚ್ಚಿರಲಿ, ಇನ್ನೊಂದು ಪ್ಲಾಸ್ಟಿಕ್ ಕೊಳವೆಯೊಳಗೆ ಸರಿದಾಡುವಂತಿರಲಿ. ಇದನ್ನು ಬಿಟ್ಟು ಬರೀ ಸಂದು ಬಿಡುವುದಕ್ಕಿಂತ ಬಿರುಕೇ ವಾಸಿ.

ಅರ್ಧ ಇಂಚು ಅಗಲ ಸಾಕು. ಪ್ಲಿಂತಿನಿಂದ ಕೊನೆಯ ವರಸೆಯವರೆಗೆ, ಪ್ಲಾಸ್ಟರಿನಲ್ಲೂ, ಸಂದು ತೆರೆದಿರಬೇಕು. ತುಂಬಲು ಅವಸರ ಬೇಡ, ಗೋಡೆ ಒಣಗಲಿ. ಆಮೇಲೆ ಫೋಮ್ ಹಗ್ಗ ಒತ್ತಿ ಅದರ ಮೇಲೆ ಪಾಲಿಸಲ್ಫೈಡ್ ಸೀಲಂಟ್ ಎಳೆಯಿರಿ. ಸೀಲಂಟ್ ಎಡ-ಬಲ ಬದಿಗಳಿಗೆ ಮಾತ್ರ ಅಂಟಬೇಕು. ಹಿಂಬದಿಗೂ ಕಚ್ಚಿಕೊಂಡರೆ ಹಿಗ್ಗಲಾರದೆ ಹರಿಯುತ್ತದೆ.

ಎರೆಭೂಮಿಯಲ್ಲಿ ಕಟ್ಟುವವರು ಗಮನಿಸಿ: ಅಲ್ಲಿ ಪಾಯವೇ ಏಳುತ್ತ ಇಳಿಯುತ್ತ ಇರುತ್ತದೆ. ಅದಕ್ಕೆ ಪಾಯದಲ್ಲೇ ಪರಿಹಾರ ಹುಡುಕಬೇಕು, ಗೋಡೆಯ ಸಂದು ಮದ್ದಲ್ಲ.

ಉಳಿದವರು ಬ್ಲಾಕಿಗೆ ಮುಂಗಡ ಕೊಡುವ ಮೊದಲೇ ನಕ್ಷೆಯಲ್ಲಿ ಸಂದಿನ ಗೆರೆ ಎಳೆದು ಮೇಸ್ತ್ರಿಗೂ ವೈರಿಂಗಿನವರಿಗೂ ತೋರಿಸಿ. ಚಾವಣಿಯ ಟ್ರಸ್ ಆ ಗೆರೆಯ ಮೇಲೆ ಕೂರಬಾರದು, ಉಪಕರಣಗಳ ರ‍್ಯಾಕೂ ಕರೆಂಟಿನ ಪೈಪೂ ಅದನ್ನು ದಾಟಬಾರದು.