ಹೊಳೆಯ ಗೆರೆ, ಹೆಣ್ಣಿನ ಹೆಜ್ಜೆ: ‘ಚಂದ್ರಗಿರಿಯ ತೀರದಲ್ಲಿ’

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ತಲಾಖ್ ಮತ್ತು ಮರುವಿವಾಹದ ಕಟ್ಟಳೆಗಳ ಸುತ್ತಲೇ ನಡೆದಿದೆ. ಅದು ಸಹಜವೂ ಹೌದು; ಕೃತಿಯ ಕಥಾಬೀಜವೇ ಅಲ್ಲಿದೆ. ಆದರೆ ಈ ಭರದಲ್ಲಿ ಲೇಖಕಿ ಶೀರ್ಷಿಕೆಯಲ್ಲಿಯೇ ಇಟ್ಟ ಹೊಳೆ ಹಿನ್ನೆಲೆಗೆ ಸರಿದಿದೆ. ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ ‘ಬ್ರೇಕಿಂಗ್ ಟೈಸ್’ ಎಂಬ ಹೆಸರಿನಲ್ಲಿ ಬಂದಾಗ ಹೊಳೆ ಶೀರ್ಷಿಕೆಯಿಂದಲೇ ಮರೆಯಾಯಿತು. ಬಂಧಗಳು ಎಲ್ಲಿಯೂ ಮುರಿಯಬಹುದು. ಇವು ಮುರಿದದ್ದು ಚಂದ್ರಗಿರಿಯ ದಂಡೆಯಲ್ಲಿ ಎಂಬುದಕ್ಕೆ ವಿಶೇಷ ಅರ್ಥವಿದೆಯೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಸೀಮೆಯಲ್ಲಿ ಪಯಸ್ವಿನಿ ಎನಿಸಿಕೊಂಡು, ಕಾಸರಗೋಡಿನ ಬಳಿ ಕಡಲು ಸೇರುವ ಈ ಹೊಳೆಯನ್ನು ಚರಿತ್ರೆ ಗೆರೆಯಾಗಿಯೇ ಓದಿದೆ. ತುಳುನಾಡಿಗೂ ಮಲೆಯಾಳ ದೇಶಕ್ಕೂ ಇದೇ ಎಲ್ಲೆ ಎಂಬುದು ಹಳೆಯ ನಂಬಿಕೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, 1967ರ ಮಹಾಜನ ವರದಿ ಚಂದ್ರಗಿರಿಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸುವಂತೆ ಶಿಫಾರಸು ಮಾಡಿತು. ಗಡಿನಾಡಿನ ಕನ್ನಡಿಗರ ನೆನಪಿನಲ್ಲಿ ಹೊಳೆಯ ಹೆಸರು ಈ ಈಡೇರದ ಶಿಫಾರಸಿನೊಡನೆ ಬೆಸೆದುಕೊಂಡಿದೆ.

ಇದೇ ಹೊಳೆಗೆ ಇನ್ನೊಂದು ಚರಿತ್ರೆಯೂ ಇದೆ. ನಾಯರ್ ಸ್ತ್ರೀಯರು ಚಂದ್ರಗಿರಿಯನ್ನು ದಾಟಕೂಡದೆಂಬ ಸಂಪ್ರದಾಯವನ್ನು ಬ್ರಿಟಿಷರ ಕಾಲದ ಗ್ಯಾಸೆಟಿಯರ್‌ಗಳು ದಾಖಲಿಸಿವೆ. ಕೆಳದಿಯ ಶಿವಪ್ಪ ನಾಯಕನ ಹೆಸರಿನೊಡನೆ ತಳುಕು ಹಾಕಿಕೊಂಡ ಹದಿನೇಳನೆಯ ಶತಮಾನದ ಕೋಟೆ ಹೊಳೆಯ ತೆಂಕಣ ದಂಡೆಯಲ್ಲಿದೆ. ಸೈನ್ಯಕ್ಕೆ ಹೊಳೆ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಹೆಣ್ಣಿನ ಹೆಜ್ಜೆಗೆ. ನೀರಿಗೆ ಗೆರೆಯ ಹಂಗಿಲ್ಲ. ಬೇಸಿಗೆಯಲ್ಲಿ ಒರತೆ ತಗ್ಗಿದಾಗ ಭರತದ ಉಪ್ಪುನೀರು ಹೊಳೆಯೊಳಗೆ ಮೇಲೇರುತ್ತದೆ. ಅದನ್ನು ತಡೆದು ಸಿಹಿನೀರನ್ನು ಉಳಿಸಿಕೊಳ್ಳಲು ಬಾವಿಕ್ಕರೆಯ ಬಳಿ ವರ್ಷವರ್ಷವೂ ತಾತ್ಕಾಲಿಕ ಕಟ್ಟ ಹಾಕಬೇಕಾಗುತ್ತಿತ್ತು. ಮಳೆ ಬಂದರೆ ಆ ಕಟ್ಟವೂ ನಿಲ್ಲದು. ನಿಸರ್ಗದ ಹೊಳೆ ಎರಡೂ ದಿಕ್ಕಿಗೆ ಹರಿಯುತ್ತದೆ. ಹೆಣ್ಣಿಗೆ ಮಾತ್ರ ಅದು ಗಡಿಯಾಗುತ್ತದೆ.

ನಾದಿರಾಳ ಕಥೆಯನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ತಂದೆ ಮಹಮ್ಮದ್ ಖಾನನ ಹಠಕ್ಕೆ ಸಿಲುಕಿ ಅವಳು ಗಂಡ ರಶೀದನಿಂದ ಬೇರೆಯಾಗುತ್ತಾಳೆ. ಮತ್ತೆ ಅವನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗಾದರೂ ಪರಪುರುಷನ ಹೆಂಡತಿಯಾಗಬೇಕೆಂಬ ಕಟ್ಟಳೆ ಎದುರಾಗುತ್ತದೆ. ಕೊನೆಗೆ ಅವಳು ಮಸೀದಿಯ ಕೆರೆಯಲ್ಲಿ ಜೀವ ಬಿಡುತ್ತಾಳೆ. ಶೀರ್ಷಿಕೆಯಲ್ಲಿ ಹರಿಯುವ ಹೊಳೆ, ಅಂತ್ಯದಲ್ಲಿ ನಾಲ್ಕು ಕಲ್ಲುಗೋಡೆಗಳ ನಡುವಿನ ನಿಂತ ನೀರು: ಕಾದಂಬರಿಯ ದುರಂತ ಈ ಎರಡು ನೀರುಗಳ ನಡುವೆ ನಡೆಯುತ್ತದೆ. ಶುದ್ಧಿಗೆಂದು ಕಟ್ಟಿದ ಕೆರೆಯಲ್ಲಿಯೇ ಅವಳು ಮುಳುಗುವುದರಿಂದ, ಕಟ್ಟಳೆಯನ್ನು ಕುರಿತ ಲೇಖಕಿಯ ಪ್ರಶ್ನೆಗೆ ವಾದದ ನೆರವು ಬೇಕಾಗುವುದಿಲ್ಲ.

ಈ ಓದಿನಿಂದ ಧಾರ್ಮಿಕ ಕಟ್ಟಳೆಯ ಹೊಣೆ ಕಡಮೆಯಾಗುವುದಿಲ್ಲ. ಆದರೆ ಹೆಣ್ಣಿನ ಓಡಾಟಕ್ಕೆ ಎಲ್ಲೆ ಹಾಕುವುದು ಒಂದೇ ಸಮುದಾಯದ ಗುಣವೆಂಬ ನೆಮ್ಮದಿ ಇತರ ಓದುಗರಿಗೆ ಉಳಿಯುವುದಿಲ್ಲ. ಒಂದೇ ಹೊಳೆಯ ದಂಡೆಯಲ್ಲಿ ಒಂದು ಸಮುದಾಯ ಜಾತಿಯ ಹೆಸರಿನಲ್ಲಿ, ಇನ್ನೊಂದು ಮತದ ಹೆಸರಿನಲ್ಲಿ ಅದೇ ಕೆಲಸವನ್ನು ಮಾಡಿದೆ.

ಕೃತಿಯ ಮಿತಿಯನ್ನೂ ಇಲ್ಲಿಯೇ ಹೇಳಬೇಕು. ಹೊಳೆಯನ್ನೇ ನಂಬಿ ದುಡಿಯುವವರ ಲೋಕ ಕಾದಂಬರಿಯ ಕೇಂದ್ರಕ್ಕೆ ಬರುವುದಿಲ್ಲ. ಮನೆಯೊಳಗಿನ ಸಂಕಟದ ತೀವ್ರತೆ ಹೊರಗಿನ ತೀರವನ್ನು ಕಿರಿದಾಗಿಸಿದೆ. ಆದರೂ ಒಂದು ದಾಟುವಿಕೆಯನ್ನು ಸಾರಾ ಸಾಧಿಸಿದ್ದಾರೆ. ಮಲೆಯಾಳದಲ್ಲಿ ಬದುಕುವ ಮನೆಗಳ ನೋವನ್ನು ಶಾಲೆಯಲ್ಲಿ ಕಲಿತ ಕನ್ನಡಕ್ಕೆ ತಂದು, ‘ಲಂಕೇಶ್ ಪತ್ರಿಕೆ’ಯ ಮೂಲಕ ನಾಡಿನ ಮುಂದಿಟ್ಟರು. ವರದಿಗಳು ಚಂದ್ರಗಿರಿಯನ್ನು ರಾಜ್ಯಗಳ ನಡುವಿನ ಎಲ್ಲೆಯೆಂದು ಕಂಡವು. ಅದರ ದಂಡೆಯಲ್ಲಿ ನಿಂತ ಹೆಣ್ಣಿಗೆ ಆ ಎಲ್ಲೆ ಮನೆಯ ಹೊಸ್ತಿಲಿನಿಂದಲೇ ಆರಂಭವಾಗಿತ್ತು. ಗಡಿನಾಡಿನ ಸ್ಥಳೀಯ ಚರಿತ್ರೆಯನ್ನು ಬರೆಯುವವರು ಈ ಕಾದಂಬರಿಯನ್ನೂ ತಮ್ಮ ಆಕರಗಳಲ್ಲಿ ಸೇರಿಸಿಕೊಳ್ಳಬೇಕಾದದ್ದು ಇದಕ್ಕಾಗಿ.