ಚಕ್ಕುಬಂದಿಯೊಳಗೊಂದು ಹೆಸರು: ಕೊಂಡ ಮನೆಯನ್ನು ಓದುವ ಬಗೆ

1

ಕನ್ನಡ ವಿಮರ್ಶೆ ಮನೆಯ ಬಗ್ಗೆ ಬರೆದಾಗಲೆಲ್ಲ ಹೆಚ್ಚಾಗಿ ಬೀಳುವ ಮನೆಯ ಬಗ್ಗೆಯೇ ಬರೆದಿದೆ. ತೊಟ್ಟಿಮನೆಯ ಕಂಬ ಶಿಥಿಲವಾಗುವುದು, ಅಣ್ಣತಮ್ಮಂದಿರು ಪಾಲಾಗುವುದು, ಓದಿದ ಮಗ ಪೇಟೆ ಸೇರುವುದು, ಮುದುಕಿ ಒಬ್ಬಳೇ ದೀಪ ಹಚ್ಚಿಕೊಂಡು ಕೂರುವುದು. ಇವೇ ನಮ್ಮ ಕಾದಂಬರಿಯ ದೊಡ್ಡ ದುಃಖಗಳೆಂದು ಮೇಷ್ಟ್ರುಗಳು ಪಾಠ ಹೇಳಿದರು, ನಾವೂ ಪರೀಕ್ಷೆಯಲ್ಲಿ ಹಾಗೇ ಬರೆದು ಪಾಸಾದೆವು. ಭೈರಪ್ಪನವರ ಒಂದು ಕಾದಂಬರಿಯ ಹೆಸರೇ 'ಗೃಹಭಂಗ' (1970). ಭಂಗವಾಗಬೇಕಾದರೆ ಮೊದಲು ಗೃಹ ಅಂತ ಒಂದು ಇರಬೇಕಲ್ಲ ಸ್ವಾಮಿ? ಈ ಪ್ರಶ್ನೆಯನ್ನು ನಮ್ಮ ವಿಮರ್ಶೆ ಕೇಳಿಕೊಂಡಿದ್ದು ಕಡಿಮೆ.

'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಜನರನ್ನು ಕರೆಯುವ ರೀತಿ ನೋಡಿ. ಹಳೆಮನೆ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿ ಭರಮೈ ಹೆಗ್ಗಡೆ. ಮನೆಯ ಹೆಸರು ಮೊದಲು, ಮನುಷ್ಯನ ಹೆಸರು ಆಮೇಲೆ. ಗುತ್ತಿಯ ಹೆಸರಿಗೆ ಮುಂದೆ ಅಂಟಿಕೊಂಡಿರುವುದು ಮನೆಯಲ್ಲ, ನಾಯಿ. ಅವನು ನಾಯಿಗುತ್ತಿ. ಅವನು ತಿಮ್ಮಿಯನ್ನು ಹಾರಿಸಿಕೊಂಡು ಓಡುವಾಗ ಬಿಟ್ಟುಹೋಗುವುದು ತನ್ನ ಮನೆಯನ್ನಲ್ಲ, ಒಡೆಯರ ಲೆಕ್ಕವನ್ನು. ಕುವೆಂಪು ಕಂಡದ್ದನ್ನು ಕಂಡ ಹಾಗೇ ಬರೆದರು. ನಮ್ಮ ವಿಮರ್ಶೆ ಗುತ್ತಿಯ ಜೀವನೋತ್ಸಾಹವನ್ನು ಹೊಗಳುತ್ತಾ ಈ ವ್ಯತ್ಯಾಸವನ್ನು ಎಷ್ಟೋ ಸಲ ದಾಟಿಹೋಯಿತು.

ಕಾರಂತರ 'ಮರಳಿ ಮಣ್ಣಿಗೆ'ಯ ಮೊಮ್ಮಗ ರಾಮ ಅಲೆದಾಡಿ ಕೊನೆಗೆ ಊರಿಗೆ ಮರಳುತ್ತಾನೆ. ಮರಳುವುದಕ್ಕೆ ಅವನಿಗೊಂದು ಮನೆಯಿದೆ. ಅದೇ ಕಾರಂತರ 'ಚೋಮನ ದುಡಿ'ಯ (1933) ಚೋಮ ಕೇಳಿದ್ದು ಉಳುವುದಕ್ಕೆ ಒಂದು ತುಂಡು ನೆಲ. ಅವನು ದುಡಿ ಬಾರಿಸುತ್ತಾ ಸಾಯುವ ಗುಡಿಸಲಿದೆಯಲ್ಲ, ಅದೂ ಧಣಿಯ ಹಂಗಿನದೇ. ಆದರೂ ಆ ಗುಡಿಸಲು ಯಾರದು ಎಂಬ ಪ್ರಶ್ನೆ ಕಾದಂಬರಿಯಲ್ಲಿ ಏಳುವುದಿಲ್ಲ. ಚೋಮನ ಆಸೆಗೂ ಅಷ್ಟು ದೂರ ಹೋಗುವ ಅವಕಾಶವಿರಲಿಲ್ಲ.

2

ದಲಿತ ಬರವಣಿಗೆ ಬಂದ ಮೇಲೆ ಮನೆಯ ಅರ್ಥವೇ ಬೇರೆಯಾಯಿತು. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಮನೆ ತುಂಬ ಜನ. ಕಳೆದುಹೋದ ಹುಂಜದ ಗೋಳು, ಕದ್ದು ತಂದ ಕಡ್ಲೆಕಾಯಿಯನ್ನು ರಾತ್ರಿಯೆಲ್ಲ ಸುತ್ತ ಕೂತು ತಿಂದು ಮುಗಿಸುವ ಸಂಭ್ರಮ, ಗೋಡೆಯ ಮೇಲೆ ಬರೆದ ನವಿಲು, ಆಮೇಲೆ ಪೋಲೀಸರು. ಈ ಕತೆಯನ್ನು ಹಸಿವಿನ ಕತೆಯೆಂದು ಎಲ್ಲರೂ ಓದಿದ್ದೇವೆ, ಅದು ಸರಿಯೇ. ಅದನ್ನು ಬಾಗಿಲಿನ ಕತೆಯೆಂದೂ ಓದಬೇಕು. ಆ ಮನೆಗೆ ಬಾಗಿಲಿದೆ, ಆದರೆ ಅದು ಯಾರನ್ನೂ ತಡೆಯುವುದಿಲ್ಲ. ಊರಿನ ಸಾಹುಕಾರ ಬೊಟ್ಟು ಮಾಡಿದರೆ ಸಾಕು, ಪೋಲೀಸಿನವನ ಬೂಟು ಒಲೆಯ ತನಕ ಬರುತ್ತದೆ. ತನ್ನ ಹೊಸಲಿನೊಳಗೆ ಯಾರು ಬರಬೇಕು, ಯಾರು ಬರಬಾರದು ಎಂದು ಹೇಳುವ ಅಧಿಕಾರವೇ ಮನೆ ಅನ್ನುವುದಾದರೆ ಸಾಕವ್ವನಿಗೆ ಇರುವುದು ಮನೆಯಲ್ಲ, ಬರೀ ಸೂರು.

ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಶ್ರೀರಾಮಪುರದ ಸ್ಮಶಾನದಲ್ಲಿ ಕೂತು ಓದಿದ್ದನ್ನು ಹೇಳುತ್ತಾರೆ. ನಾವು ನಕ್ಕು ಮುಂದೆ ಹೋಗುತ್ತೇವೆ, ಅವರು ಬರೆಯುವುದೇ ಹಾಗೆ, ನಗಿಸಿಯೇ ಹೇಳುತ್ತಾರೆ. ಆದರೆ ಒಬ್ಬ ಹುಡುಗನಿಗೆ ಸಿಕ್ಕ ಮೊದಲ ಓದುವ ಕೋಣೆ ಸತ್ತವರ ಜಾಗ ಅನ್ನುವುದು ವಸತಿಯ ಬಗ್ಗೆ ಬರೆದ ದೊಡ್ಡ ಟೀಕೆ. ಗೋರಿಯ ಮೇಲೆ ಕೂತವನನ್ನು "ನೀನು ಯಾವ ಜನ?" ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ.

ಇಲ್ಲಿಯವರೆಗೆ ದಲಿತ ವಿಮರ್ಶೆ ಚೆನ್ನಾಗಿಯೇ ಓದುತ್ತದೆ. ಕೇರಿ, ಗುಡಿಸಲು, ಹಾಸ್ಟೆಲು, ಸ್ಲಮ್ಮು ಇವಕ್ಕೆಲ್ಲ ನಮ್ಮಲ್ಲಿ ಮಾತುಗಳಿವೆ. ಮಾತು ತಡವರಿಸುವುದು ಮುಂದಿನ ಹಂತದಲ್ಲಿ. ಅದೇ ಹಾಸ್ಟೆಲಿನ ಹುಡುಗ ಗುಮಾಸ್ತನೋ ಮೇಷ್ಟ್ರೋ ಆಗಿ, ಹದಿನೈದು ವರ್ಷ ಬಾಡಿಗೆ ಮನೆಗಳಲ್ಲಿ ಹೆಸರು ಜಾತಿ ಊಟ ಎಲ್ಲದರ ಪರೀಕ್ಷೆ ಕೊಟ್ಟು, ಸಾಲ ಮಾಡಿ ಒಂದು ಮೂವತ್ತು-ನಲವತ್ತರ ಸೈಟಿನ ಮನೆ ಕೊಂಡ ಎಂದುಕೊಳ್ಳಿ. ತಕ್ಷಣ ನಮ್ಮ ಗೆಳೆಯರ ನಾಲಗೆಯಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: "ಮನೆ ತಗೊಂಡ್ನಂತೆ. ಮುಗೀತು ಬಿಡಪ್ಪಾ, ಇನ್ನು ಅವನು ಚಳವಳಿಗೆ ಬರಲ್ಲ." ಮಧ್ಯಮವರ್ಗಕ್ಕೆ ಜಾರಿದ, ಬೇರು ಕಡಿದುಕೊಂಡ, ಅನುಕರಣೆಗೆ ಬಿದ್ದ. ಸರ್ಕಾರ ಕೊಟ್ಟ ಮನೆಯಾದರೆ ಅದು ಹೋರಾಟದ ಫಲ, ಕೊಂಡ ಮನೆಯಾದರೆ ಹೋರಾಟದ ಸಾವು. ಈ ತೀರ್ಪು ನಮ್ಮದಲ್ಲ. ಅಜ್ಜನ ಕಾಲದಿಂದ ಮನೆಯಿದ್ದು, ಆಸ್ತಿಯ ಬಗ್ಗೆ ಜಿಗುಪ್ಸೆ ಪಡುವಷ್ಟು ಅನುಕೂಲವಿದ್ದವರ ವಿಮರ್ಶೆಯಿಂದ ನಾವು ಎರವಲು ತಂದದ್ದು. ಆಸ್ತಿಯನ್ನು ತ್ಯಾಗ ಮಾಡಲು ಮೊದಲು ಅದು ಕೈಯಲ್ಲಿರಬೇಕು.

ಇದರ ಜೊತೆ ಇನ್ನೊಂದು ಜಾಣ ಮಾತಿದೆ: ಗೃಹಸಾಲ ಅನ್ನುವುದು ಆಧುನಿಕ ಜೀತ. ಸಭೆಯಲ್ಲಿ ಚಪ್ಪಾಳೆ ಬೀಳುವ ಮಾತು. ಆದರೆ ಜೀತವನ್ನು ಕಂಡ ಯಾವ ಮುದುಕಪ್ಪನೂ ಇದನ್ನು ಒಪ್ಪಲಾರ. ಕಾನೂನು 1976ರಲ್ಲಿ ರದ್ದು ಮಾಡಿದ ಆ ಸಾಲಕ್ಕೆ ಕೊನೆಯ ಕಂತು ಅಂತ ಒಂದು ಇರಲಿಲ್ಲ. ಮದುವೆಗೆ ತಂದ ನೂರು ರೂಪಾಯಿ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು, ಲೆಕ್ಕದ ಪುಸ್ತಕ ಧಣಿಯ ಮನೆಯಲ್ಲಿರುತ್ತಿತ್ತು, ಅದನ್ನು ಓದಲು ಸಾಲಗಾರನಿಗೆ ಬರುತ್ತಿರಲಿಲ್ಲ. ಬ್ಯಾಂಕಿನ ಸಾಲವೂ ಕ್ರೂರವೇ. ಎರಡು ಕಂತು ತಪ್ಪಿದರೆ ನೋಟೀಸು ಬರುತ್ತದೆ, ಪತ್ರಗಳು ಅವರ ಬೀರುವಿನಲ್ಲಿರುತ್ತವೆ. ಆದರೆ ಅದಕ್ಕೊಂದು ಮುಗಿಯುವ ತಾರೀಕಿದೆ, ಮುಗಿದ ಮೇಲೆ ಬ್ಯಾಂಕು ಪತ್ರ ವಾಪಸು ಕೊಡಲೇಬೇಕು. ಅಳಿಸಿಹೋಗದ ಸಾಲಕ್ಕೂ ತೀರುವ ಸಾಲಕ್ಕೂ ಇರುವ ಅಂತರವನ್ನು ಒಂದು ರೂಪಕದ ಆಸೆಗೆ ಅಳಿಸಿಬಿಡುವುದು ವಿಮರ್ಶೆಯಲ್ಲ.

3

ಹಾಗಾದರೆ ಕೊಂಡ ಮನೆಯನ್ನು ಓದುವುದು ಹೇಗೆ? ನನ್ನ ಸಲಹೆ ಇಷ್ಟು: ಕತೆ ಕವಿತೆಗಳ ಜೊತೆಗೆ ಕ್ರಯಪತ್ರವನ್ನೂ ಒಂದು ಪಠ್ಯವೆಂದು ಓದೋಣ.

ಮೊದಲು ಅದನ್ನು ಹಕ್ಕುಪತ್ರದ ಪಕ್ಕದಲ್ಲಿಟ್ಟು ನೋಡಬೇಕು. ಎಪ್ಪತ್ತರ ದಶಕದ ಜನತಾ ಮನೆಗಳಿಂದ ತೊಂಬತ್ತರ ದಶಕದ ಆಶ್ರಯ ಮನೆಗಳವರೆಗೆ ಸರ್ಕಾರ ಕೊಟ್ಟ ಕಾಗದದಲ್ಲಿ ನಮ್ಮವನ ಹೆಸರು 'ಫಲಾನುಭವಿ.' ಆ ಸೂರುಗಳಿಂದ ಸಾವಿರಾರು ಸಂಸಾರಗಳು ಮಳೆಯಿಂದ ಪಾರಾದವು, ಅದನ್ನು ಹಗುರ ಮಾಡುವಂತಿಲ್ಲ. ಮಂಜೂರಾದ ಜಮೀನನ್ನು ಬಲವಂತರು ಬರೆಸಿಕೊಳ್ಳುತ್ತಿದ್ದದ್ದರಿಂದಲೇ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅದರ ಪರಭಾರೆಯನ್ನು ನಿಷೇಧಿಸಬೇಕಾಯಿತು. ಆದರೆ ಆ ಮನೆಗಳು ಎದ್ದದ್ದು ಎಲ್ಲಿ? ಬಹುಪಾಲು ಊರಾಚೆ, ಹಳೆಯ ಕೇರಿಯ ಮಗ್ಗುಲಲ್ಲೋ ಇನ್ನೂ ಆಚೆಗೋ. ಕೇರಿ ಹೋಗಿ ಕಾಲೋನಿ ಆಯಿತು. ಹೆಸರು ಬದಲಾಯಿತು, ದಿಕ್ಕು ಬದಲಾಗಲಿಲ್ಲ.

ಕ್ರಯಪತ್ರದ ಭಾಷೆ ಬೇರೆ. ಅಲ್ಲಿ ಕೊಡುವವನೂ ಕೊಳ್ಳುವವನೂ ಒಂದೇ ವ್ಯಾಕರಣದಲ್ಲಿ ನಿಲ್ಲುತ್ತಾರೆ, ಇಂಥವರ ಮಗ, ಇಷ್ಟು ವಯಸ್ಸು, ಇಂಥಲ್ಲಿ ವಾಸ ಎಂದು. ಆಮೇಲೆ ಬರುವ ಮಾತುಗಳನ್ನು ಗಮನಿಸಿ. ಹಳೆಯ ಪತ್ರಬರಹಗಾರರು ಇಂದಿಗೂ ಬರೆಯುವ ಸಾಲುಗಳು ಅವು: ನಿಧಿ ನಿಕ್ಷೇಪ ಜಲ ಪಾಷಾಣ ಮೊದಲಾದ ಅಷ್ಟಭೋಗ ತೇಜಸ್ವಾಮ್ಯಗಳ ಸಹಿತ, ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಇದು ಗುಮಾಸ್ತರು ಹುಟ್ಟಿಸಿದ ಭಾಷೆಯಲ್ಲ. ವಿಜಯನಗರದ ಕಾಲದ ದಾನಶಾಸನಗಳ ಭಾಷೆ. ಅರಸು ಬ್ರಾಹ್ಮಣರಿಗೆ ಅಗ್ರಹಾರ ಕೊಡುವಾಗ ತಾಮ್ರದ ಹಲಗೆಯ ಮೇಲೆ ಕೊರೆಸುತ್ತಿದ್ದ ಮಾತುಗಳು ಇವೇ. ಅಲ್ಲಿ ಚತುಸ್ಸೀಮೆ, ಇಲ್ಲಿ ಚಕ್ಕುಬಂದಿ. ಅಲ್ಲಿ ಗಡಿಗೆ ನೆಟ್ಟ ವಾಮನಮುದ್ರೆಯ ಕಲ್ಲು, ಇಲ್ಲಿ ಸರ್ವೆಯವನ ಕಲ್ಲು.

ಅಂದರೆ, ಯಾವ ಭಾಷೆ ಶತಮಾನಗಟ್ಟಲೆ ನಮ್ಮನ್ನು ಗಡಿಯಾಚೆ ಇಟ್ಟು ಗಡಿ ಎಳೆಯಿತೋ ಅದೇ ಭಾಷೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಮಧ್ಯಾಹ್ನ ಹೊಲೆಯ ಮಾದಿಗರ ಮಗನನ್ನು 'ನೀವು' ಎಂದು ಕರೆದು ಮಾತಾಡುತ್ತದೆ. ಮಾಲಗತ್ತಿಯವರ ಆತ್ಮಕಥನದ ಹೆಸರು 'ಗೌರ್ಮೆಂಟ್ ಬ್ರಾಹ್ಮಣ' (1994). ಮೀಸಲಾತಿ ಪಡೆದವರನ್ನು ಚುಚ್ಚುವ ಕೊಂಕನ್ನೇ ಎತ್ತಿ ಮುಡಿದುಕೊಂಡ ಹೆಸರು ಅದು. ಕ್ರಯಪತ್ರದಲ್ಲಿ ಕೊಂಕಿಲ್ಲ. ಅಗ್ರಹಾರದ ಒಕ್ಕಣೆಯನ್ನು ಅದು ಗಂಭೀರವಾಗಿಯೇ ನಮ್ಮವನಿಗೆ ಓದಿ ಹೇಳುತ್ತದೆ, ಸ್ಟಾಂಪು ಶುಲ್ಕ ಕಟ್ಟಿದ್ದಾನಲ್ಲ!

ಇನ್ನು ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ಇಂಥವರ ಸ್ವತ್ತು, ದಕ್ಷಿಣಕ್ಕೆ ರಸ್ತೆ. ಒಂದು ಮನೆ ಯಾವುದೆಂದು ಕಾನೂನು ಗುರುತಿಸುವುದು ಅಕ್ಕಪಕ್ಕದವರ ಹೆಸರಿನಿಂದ. ನಾಳೆ ಪೂರ್ವದ ಮನೆಯವರು ತಮ್ಮ ಮನೆ ಮಾರಬೇಕೆಂದರೆ ಅವರ ಪತ್ರದಲ್ಲಿ ಪಶ್ಚಿಮಕ್ಕೆ ಅಂತ ಬರೆದು ನಮ್ಮವನ ಹೆಸರು ಹಾಕಬೇಕು. ಅವರು ಉಗಾದಿಗೆ ಒಬ್ಬಟ್ಟು ಕೊಡದೆ ಇರಬಹುದು, ಕಾಂಪೌಂಡು ಎತ್ತರಿಸಬಹುದು. ಆದರೆ ತಮ್ಮ ಮನೆ ಎಲ್ಲಿದೆಯೆಂದು ಹೇಳಬೇಕಾದರೆ ಈ ಹೆಸರನ್ನು ಬಿಟ್ಟು ಹೇಳಲಾರರು. ಊರು ಯಾವತ್ತೂ ಕೇರಿಯನ್ನು ತನ್ನ ಹೊರಗಡೆ ಎಂದು ಗುರುತಿಸಿತ್ತು. ಚಕ್ಕುಬಂದಿಯಲ್ಲಿ ಅದು ಪಕ್ಕ ಎಂದು ಬರೆಯಬೇಕಾಗುತ್ತದೆ. ಕೊಂಡ ಮನೆಯ ಅರ್ಥ ಅದರ ಗೋಡೆ, ಟೈಲ್ಸು, ಕಾರಿನ ಶೆಡ್ಡುಗಳಲ್ಲಿಲ್ಲ, ಈ ಒಂದು ಪದದ ಪಲ್ಲಟದಲ್ಲಿದೆ.

4

ಪತ್ರವಾದ ಮಾತ್ರಕ್ಕೆ ಬೀದಿ ಬದಲಾಗುತ್ತದೆಂದು ನಂಬುವ ಮುಗ್ಧತೆ ಬೇಡ. ಇಲ್ಲಿ ಅಂಬೇಡ್ಕರರ ಬದುಕಿನ ಎರಡು ಮನೆಗಳನ್ನು ಎದುರುಬದುರು ಇಟ್ಟು ನೋಡಬೇಕು.

ಅಮೆರಿಕ ಮತ್ತು ಲಂಡನ್ನಿನಲ್ಲಿ ಓದಿ ಬಂದ ಅವರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಇಟ್ಟುಕೊಂಡು ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಬಂದು ಹೊರಡಿಸಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ನುಣುಚಿಕೊಂಡರು. ಅವರು ಸಾರ್ವಜನಿಕ ತೋಟದಲ್ಲಿ ಕೂತು ಕಾಲ ಕಳೆದು ಬೊಂಬಾಯಿಗೆ ವಾಪಸಾದರು. ಇದನ್ನು ಅವರೇ ಬರೆದಿದ್ದಾರೆ. ಆಮೇಲೆ ಪರೇಲಿನ ಚಾಳಿನ ಕೋಣೆಗಳಲ್ಲಿ ವರ್ಷಗಟ್ಟಲೆ ಸಂಸಾರ. 1930ರ ದಶಕದ ಮೊದಲ ವರ್ಷಗಳಲ್ಲಿ ದಾದರಿನ ಹಿಂದೂ ಕಾಲೋನಿಯಲ್ಲಿ ಅವರು ಕಟ್ಟಿಸಿದ ಮನೆ 'ರಾಜಗೃಹ'. ಪುಸ್ತಕಗಳಿಗೆ ಜಾಗ ಬೇಕೆಂದು ಕಟ್ಟಿಸಿದ ಮನೆ, ಹೆಸರು ಬುದ್ಧ ನಡೆದಾಡಿದ ಮಗಧದ ಹಳೆಯ ರಾಜಧಾನಿಯದು. ಸುಳ್ಳು ಹೆಸರು ಹೇಳಿ ಒಳಹೊಕ್ಕ ಮನೆಯಿಂದ ತಾನೇ ಹೆಸರಿಟ್ಟ ಮನೆಗೆ ಬರುವ ಹೊತ್ತಿಗೆ ಸುಮಾರು ಹದಿನೈದು ವರ್ಷ ಹಿಡಿಯಿತು. ಮನೆ ಕೊಂಡವನು ಚಳವಳಿ ಬಿಟ್ಟ ಅನ್ನುವ ಗೆಳೆಯರು ಇದನ್ನು ನೆನೆಯಲಿ: ಆ ಮನೆಯಲ್ಲಿದ್ದುಕೊಂಡೇ ಅವರು 1936ರಲ್ಲಿ 'ಜಾತಿ ವಿನಾಶ'ವನ್ನು ಅಚ್ಚು ಹಾಕಿಸಿದ್ದು.

ಆದರೆ 2020ರ ಜುಲೈನಲ್ಲಿ ಅದೇ ರಾಜಗೃಹದ ಆವರಣಕ್ಕೆ ನುಗ್ಗಿ ಕಿಟಕಿ ಗಾಜು, ಹೂವಿನ ಕುಂಡ ಒಡೆದರು. ಪತ್ರ ಗಟ್ಟಿಯಾಗಿರಬಹುದು, ಗಾಜು ಗಾಜೇ. ಇನ್ನು 2005ರಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ಮೊಕದ್ದಮೆಯೊಂದರಲ್ಲಿ, ಗೃಹನಿರ್ಮಾಣ ಸಹಕಾರ ಸಂಘವೊಂದು ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವವೆಂದು ಬೈಲಾ ಮಾಡಿಕೊಳ್ಳುವುದು ಸರಿಯೆಂದಿತು. ಜಾತಿಗೊಂದು ಬಡಾವಣೆ ಕಟ್ಟಿಕೊಳ್ಳುವ ನಾಡಿನಲ್ಲಿ ಈ ತೀರ್ಪಿನ ಅರ್ಥ ವಿವರಿಸಬೇಕಿಲ್ಲ. ಅಗ್ರಹಾರ ದಾನದಿಂದ ಬರುತ್ತಿತ್ತು, ಈಗ ಷೇರು ಬಂಡವಾಳದಿಂದ ಬರಬಹುದು.

5

ಒಳಗಿನ ಪ್ರಶ್ನೆಗಳೂ ಇವೆ, ಅವನ್ನು ಕೇಳಬೇಕಾದವರು ನಾವೇ. ಮನೆ ಕೊಂಡ ನಮ್ಮವನು ಮೊದಲು ಓಡುವುದು ವಾಸ್ತು ಹೇಳುವವನ ಹತ್ತಿರ. ವರಾಹಮಿಹಿರನ 'ಬೃಹತ್ಸಂಹಿತೆ' ವರ್ಣ ಇಳಿದಂತೆ ಮನೆಯ ಅಳತೆಯನ್ನೂ ಇಳಿಸುತ್ತಾ ಹೋಗುತ್ತದೆ. ವಾಸ್ತುವಿನ ಹಳೆಯ ಗ್ರಂಥಗಳು ಮಣ್ಣಿನ ಬಣ್ಣಕ್ಕೂ ಜಾತಿ ಹಚ್ಚಿವೆ. ಆ ಶಾಸ್ತ್ರದ ಪ್ರಕಾರ ಈ ಮನೆಯ ದೊಡ್ಡ ದೋಷ ಅಡಿಗೆಮನೆಯ ದಿಕ್ಕಲ್ಲಯ್ಯ, ನೀನೇ! ಮೂವತ್ತು ಸಾವಿರ ಕೊಟ್ಟು ಬಾಗಿಲು ಕಿತ್ತು ಬೇರೆ ಕಡೆ ಇಡಿಸುವಾಗ ಅವನು ಮತ್ತೆ ಹೆಸರು ಬದಲಿಸಿಕೊಂಡು ಒಳಹೋಗುತ್ತಿದ್ದಾನೆ.

ಎರಡನೆಯದು, ಪುತ್ರ ಪೌತ್ರ ಅನ್ನುವ ಒಕ್ಕಣೆ. ಹಿಂದೂ ಕೋಡ್ ಬಿಲ್ಲು ನನೆಗುದಿಗೆ ಬಿದ್ದದ್ದು 1951ರಲ್ಲಿ ಅಂಬೇಡ್ಕರರು ಮಂತ್ರಿಗಿರಿ ಬಿಟ್ಟ ಕಾರಣಗಳಲ್ಲಿ ಒಂದು. ಅವರ ಫೋಟೋವನ್ನು ಹಾಲಿನಲ್ಲಿ ತೂಗುಹಾಕಿ, ಪತ್ರವನ್ನು ಮಾತ್ರ ಗಂಡಸಿನ ಹೆಸರಿಗೇ ಬರೆಸಿಕೊಂಡರೆ ಆ ಫೋಟೋಕ್ಕೆ ಏನು ಅರ್ಥ? ಕಳೆ ಕಿತ್ತು, ಕಸ ಗುಡಿಸಿ ಮಗನನ್ನು ಓದಿಸಿದ ಅವ್ವ, ಒಡವೆ ಅಡವಿಟ್ಟ ಹೆಂಡತಿ, ಇವರ ಹೆಸರು ಪತ್ರದ ಯಾವ ಸಾಲಿನಲ್ಲಿದೆ ಎಂದು ನೋಡುವುದೂ ವಿಮರ್ಶೆಯೇ.

ಮೂರನೆಯದು ಕಠಿಣವಾದದ್ದು. ಕೇರಿಯಿಂದ ಅಣ್ಣನೋ ಚಿಕ್ಕಪ್ಪನೋ ಆಸ್ಪತ್ರೆಗೆಂದು ಬಂದಾಗ ಆ ಮನೆಯ ಗೇಟು ಹೇಗೆ ತೆರೆಯುತ್ತದೆ? "ಅಕ್ಕಪಕ್ಕದವ್ರು ನೋಡ್ತಾರೆ ಕಣಣ್ಣ, ಮೆಲ್ಲಗೆ ಮಾತಾಡು" ಎನ್ನುವ ಮನೆಯಾದರೆ ಚಕ್ಕುಬಂದಿಯಲ್ಲಿ ಹೆಸರು ಬಂದೂ ಬಾರದ ಹಾಗೆ. 'ಕುಸುಮಬಾಲೆ'ಯಲ್ಲಿ ಮನೆಮನೆಯ ದೀಪಗಳು ಜೋತಮ್ಮಂದಿರಾಗಿ ಸೇರಿ ರಾತ್ರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಕೊಂಡ ಮನೆಯ ಜೋತಮ್ಮ ಅಲ್ಲಿ ಏನು ಹೇಳಿಯಾಳು? ಆ ಕತೆಯನ್ನು ನಮ್ಮ ಬರಹಗಾರರು ಇನ್ನೂ ಪೂರ್ತಿ ಬರೆದಿಲ್ಲ. ಬರೆಯದೆ ಇರುವುದಕ್ಕೆ ನಮ್ಮ ವಿಮರ್ಶೆಯ ಅವಸರದ ತೀರ್ಪೂ ಒಂದು ಕಾರಣ. ಗುಡಿಸಲಿನ ಕತೆ ಬರೆದರೆ ಅಪ್ಪಟ, ಗೃಹಸಾಲದ ಕತೆ ಬರೆದರೆ ಕಲಬೆರಕೆ ಎಂದು ಮೊದಲೇ ಹೇಳಿಬಿಟ್ಟರೆ ಯಾರು ತಾನೇ ಬರೆದಾರು?

ದಲಿತ ವಿಮರ್ಶೆ ನೋವಿನ ದಾಖಲೆಗಳನ್ನು ಓದುವುದರಲ್ಲಿ ಪಳಗಿದೆ. ಹಕ್ಕಿನ ದಾಖಲೆಗಳನ್ನು ಓದುವುದನ್ನೂ ಈಗ ಕಲಿಯಬೇಕು: ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಬೈಲಾ, ಬಾಡಿಗೆ ಕರಾರು. ಅವುಗಳಲ್ಲಿ ನಮ್ಮವರ ಹೆಸರು ಎಲ್ಲಿ ಬಂತು, ಎಲ್ಲಿ ತಪ್ಪಿತು, ಯಾರ ಹೆಸರಿನ ಪಕ್ಕದಲ್ಲಿ ಬಂತು ಎಂದು ಸಾಲು ಸಾಲಾಗಿ ನೋಡುವ ಕೆಲಸ ಬಾಕಿ ಇದೆ.